ಕೆರೆ ದಂಡೆಯ ಅರ್ಧ ಸ್ಯಾಂಡ್‌ವಿಚ್

ನಮ್ಮ ಮೈಸೂರು ಕಡೆಯವರಿಗೆ ಒಂದು ರೋಗವಿದೆ. ಎದುರಿಗೆ ಯಾರೇ ಸಿಗಲಿ, "ಊಟ ಆಯ್ತಾ?" ಅನ್ನಲೇಬೇಕು. ಬೆಳಗ್ಗೆ ಸಿಕ್ಕರೆ "ತಿಂಡಿ ಆಯ್ತಾ?", ಸಂಜೆ ಸಿಕ್ಕರೆ "ಕಾಫಿ ಆಯ್ತಾ?". ಉತ್ತರ ಏನು ಬರುತ್ತದೆ ಎಂದು ಯಾರೂ ಕಾಯುವುದಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ "ಆಯ್ತು, ನಿಮ್ದು?" ಅನ್ನುವುದೇ ಮರ್ಯಾದೆ. ನ್ಯೂಜೆರ್ಸಿಗೆ ಬಂದು ಮೂವತ್ತು ವರ್ಷ ಕಳೆದರೂ ನನಗೆ ಈ ರೋಗ ವಾಸಿಯಾಗಿಲ್ಲ. ಕ್ರ್ಯಾನ್‌ಬರಿಯ ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಹೊಸ ಬಾಸ್‌ಗೆ "ಹ್ಯಾಡ್ ಯುವರ್ ಲಂಚ್?" ಎಂದು ಕೇಳಿಬಿಟ್ಟೆ. ಪುಣ್ಯಾತ್ಮ ಕ್ಯಾಲೆಂಡರ್ ತೆಗೆದು, ಗುರುವಾರ ಹೋಗೋಣವೇ ಎಂದ! ಹೋಗಬೇಕಾಯಿತು, ಇನ್ನೇನು ಮಾಡಲಿ.

ಮನೆಯಲ್ಲಿ ನನಗೆ ಆ ಪ್ರಶ್ನೆ ಕೇಳುತ್ತಿದ್ದವರು ನಮ್ಮ ಯಜಮಾನರು. ಮಧ್ಯಾಹ್ನ ಎಲ್ಲೇ ಇರಲಿ, ಫೋನ್ ಮಾಡಿ "ಊಟ ಆಯ್ತೇನೇ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಬೇರೆ ಮಾತೇ ಇಲ್ಲ. "ಇದನ್ನ ಕೇಳೋಕೆ ಫೋನ್ ಬೇರೆ ದಂಡ" ಎಂದು ಬೈಯುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು. ಆಮೇಲೆ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಟೌನ್‌ಹೌಸಿನಲ್ಲಿ ಮಧ್ಯಾಹ್ನವೆಂಬುದು ಬಂದು ಹೋಗುವುದೇ ಗೊತ್ತಾಗುತ್ತಿರಲಿಲ್ಲ. ಡಾಲಸ್‌ನಲ್ಲಿರುವ ಮಗಳು ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಬಿಪಿ ಮಾತ್ರೆ ತಗೊಂಡ್ಯಾ, ಕಾರಿನ ಆಯಿಲ್ ಚೇಂಜ್ ಮಾಡಿಸಿದ್ಯಾ, ಎಲ್ಲ ಕೇಳುತ್ತಾಳೆ. ಒಳ್ಳೆಯ ಹುಡುಗಿ. ಊಟ ಆಯ್ತಾ ಎಂದು ಕೇಳಬೇಕೆನ್ನುವುದು ಮಾತ್ರ ಅವಳಿಗೆ ಗೊತ್ತಿಲ್ಲ, ನಾವು ಕಲಿಸಲಿಲ್ಲ.

ಒಬ್ಬಳಿಗೆ ಏನು ಅಡುಗೆ ಮಾಡುವುದು ಹೇಳಿ. ಒಗ್ಗರಣೆಗೆ ಎಣ್ಣೆ ಕಾಯಿಸುವುದೂ ದಂಡ ಅನ್ನಿಸುತ್ತಿತ್ತು. ಸಿಂಕಿನ ಮುಂದೆ ನಿಂತುಕೊಂಡೇ ಮೊಸರನ್ನ ತಿನ್ನುವುದು, ಅದೂ ಬೇಡವೆನಿಸಿದರೆ ಬಿಸ್ಕತ್ತು ಕಾಫಿ. ಒಂದು ಕಾಲಕ್ಕೆ ಯುಗಾದಿಗೆ ಮನೆ ತುಂಬ ಜನ ಕರೆದು ಒಬ್ಬಳೇ ಒಬ್ಬಟ್ಟು ತಟ್ಟಿದವಳು ನಾನು.

ಮೀನು ಹಿಡಿಯುವ ಹುಚ್ಚು ನನ್ನದಲ್ಲ, ಯಜಮಾನರದು. ಕೊನೆಯ ಎರಡು ವರ್ಷ ಅವರು ಡ್ರೈವ್ ಮಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಾನೇ ಕೆರೆಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಮೊದಲು ಕಾರಿನಲ್ಲೇ ಕೂತು ಕಾಯುತ್ತಿದ್ದೆ. ಬೇಜಾರು ತಡೆಯಲಾರದೆ ಒಂದು ದಿನ ನಾನೂ ಕೋಲು ಹಿಡಿದೆ. ಗಾಳಕ್ಕೆ ಎರೆಹುಳು ಚುಚ್ಚಲು ನನಗೆ ಅಸಹ್ಯವಿರಲಿಲ್ಲ. ನಮ್ಮಪ್ಪ ಭಾನುವಾರ ತರುತ್ತಿದ್ದ ಮೀನನ್ನು ಹಿತ್ತಲಲ್ಲಿ ಕೂತು ಉಜ್ಜಿ ತೊಳೆಯುತ್ತಿದ್ದವಳು ನಾನೇ. ಆದರೆ ಬೆಂಡು ಮುಳುಗಿದ ಕೂಡಲೇ ಜಗ್ಗುತ್ತಿದ್ದೆ. ಕ್ರಾಪಿ ಮೀನಿನ ಬಾಯಿ ಹಪ್ಪಳದಷ್ಟು ತೆಳು. ಜಗ್ಗಿದರೆ ಹರಿದುಕೊಂಡು ಹೋಗುತ್ತದೆ. "ಎಳೀಬೇಡ್ವೇ, ಎತ್ತು" ಅನ್ನುತ್ತಿದ್ದರು ಯಜಮಾನರು.

ಅವರು ಹೋದ ಮೇಲಿನ ವಸಂತದಲ್ಲಿ ನಾನೊಬ್ಬಳೇ ಹೋದೆ. ಅದು ದೇವಸ್ಥಾನದ ಹೆಂಗಸರಿಗೆಲ್ಲ ಗೊತ್ತಾಗಿ, "ಆಂಟಿ, ಫಿಶಿಂಗ್‌ಗೆ ಹೋಗ್ತೀರಂತೆ, ಒಬ್ರೇನಾ?" ಎಂದು ಕೇಳಿದಳೊಬ್ಬಳು. "ಇಲ್ಲಮ್ಮ, ಬ್ಯಾಂಡ್‌ಸೆಟ್ ಕರ್ಕೊಂಡು ಹೋಗ್ತೀನಿ" ಎಂದೆ. ನನ್ನ ಬಾಯಿಯೇ ಹಾಗೆ. ಮನೆಗೆ ಬರುವ ದಾರಿಯುದ್ದಕ್ಕೂ ಆ 'ಒಬ್ರೇನಾ' ಮಾತ್ರ ಕಿವಿಯಲ್ಲಿತ್ತು.

ಕೆರೆ ದೊಡ್ಡದೇನಲ್ಲ. ಒಂದು ಕಡೆ ಗೋದಾಮುಗಳಿಗೆ ಹೋಗುವ ಟ್ರಕ್ಕುಗಳ ಸದ್ದು, ಇನ್ನೊಂದು ಕಡೆ ಮರಗಳು, ನೀರಿನೊಳಕ್ಕೆ ಚಾಚಿದ ಹಲಗೆಯ ಡಾಕ್. ಏಪ್ರಿಲ್‌ನಲ್ಲಿ ನೀರು ಸ್ವಲ್ಪ ಬೆಚ್ಚಗಾಗುತ್ತಲೇ ಕ್ರಾಪಿಗಳು ಮೊಟ್ಟೆಯಿಡಲು ದಂಡೆಗೆ ಬರುತ್ತವೆ. ಬ್ಯಾಸ್ ಮೀನೂ ಆಗಲೇ ಬರುತ್ತದೆ, ಆದರೆ ಮೊಟ್ಟೆಯ ಕಾಲ ಮುಗಿಯುವವರೆಗೆ ಬ್ಯಾಸ್ ಸಿಕ್ಕರೂ ನೀರಿಗೇ ಬಿಡಬೇಕು ಎನ್ನುವುದು ಇಲ್ಲಿನ ಕಾನೂನು. ನಾನು ಕ್ರಾಪಿಯನ್ನೂ ಬಿಡುತ್ತಿದ್ದೆ. ಅದನ್ನು ನೋಡಿ ಆ ಡಾಕ್‌ನಲ್ಲಿದ್ದ ಇನ್ನೊಬ್ಬಳು ಹೆಂಗಸು, ಅಷ್ಟು ರುಚಿಯಾದ ಮೀನನ್ನು ಯಾಕೆ ಬಿಡುತ್ತೀಯ ಎಂದು ಕೇಳಿದಳು. "ಮನೆಯಲ್ಲಿ ತಿನ್ನೋರು ಯಾರೂ ಇಲ್ಲ, ಈ ಕ್ರ್ಯಾಪಿನ ಯಾರಿಗೆ ಬೇಯಿಸಲಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನು ಪುಸ್ತಕದಲ್ಲಿ ಬರೆದ ಹಾಗೆ ಓದಿ ಮೀನನ್ನು 'ದರಿದ್ರದ್ದು' ಎಂದು ಬೈದಂತಾಗಿತ್ತು. ಅದನ್ನು 'ಕ್ರಾಪಿ' ಅನ್ನಬೇಕೆಂದು ಅವಳೇ ತಿದ್ದಿದಳು. ಯಜಮಾನರು ಸರಿಯಾಗಿಯೇ ಹೇಳುತ್ತಿದ್ದರು. ತಲೆಗೆ ಹೊಡೆಸುವ ಕ್ರಾಪಿನ ಹಾಗೆ ಹೇಳುತ್ತಾರೆ ಎಂದು ನಾನೇ ಅವರನ್ನು ಆಡಿಕೊಂಡಿದ್ದೆ.

ಅವಳು ಬಿಳಿ ಅಮೆರಿಕನ್ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಶಾಲಾ ಬಸ್ಸು ಓಡಿಸಿ ರಿಟೈರ್ ಆದವಳು. ಯಾವಾಗಲೂ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದಳು. ಅವಳ ಹೆಸರು ಗೊತ್ತಿದ್ದರೂ ಮನಸ್ಸಿನಲ್ಲಿ 'ಬಕೆಟ್ ಅಜ್ಜಿ' ಎಂದೇ ಕರೆಯುತ್ತಿದ್ದೆ. ಮಾತು ಕಡಿಮೆ. ನಾನು ಹೋದ ಕೂಡಲೇ ಅಭ್ಯಾಸಬಲದಿಂದ "ಹ್ಯಾಡ್ ಯುವರ್ ಲಂಚ್?" ಅನ್ನುತ್ತಿದ್ದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೆಲವು ದಿನವಾದ ಮೇಲೆ ಒಂದು ಸ್ಯಾಂಡ್‌ವಿಚ್ ತೆಗೆದು, ಬೇಕಾ ಎಂದಳು. "ಅಯ್ಯೋ, ಬೇಡ ಬೇಡ" ಎಂದೆ. ನಮ್ಮಲ್ಲಿ ಬೇಡವೆಂದರೆ ಇನ್ನೆರಡು ಸಲ ಬಲವಂತ ಮಾಡಿ ಎಂದರ್ಥ. ಅಜ್ಜಿ ತಲೆಯಾಡಿಸಿ ಪೂರ್ತಿ ತಾನೇ ತಿಂದಳು!

ಮಾರನೆಯ ದಿನ ಅವಳು ಕೇಳಲಿಲ್ಲ. ಸ್ಯಾಂಡ್‌ವಿಚ್ಚಿನ ಅರ್ಧವನ್ನು ಕಾಗದದಲ್ಲಿ ಸುತ್ತಿ ನನ್ನ ಪಕ್ಕದ ಹಲಗೆಯ ಮೇಲೆ ಇಟ್ಟು, ನೀರಿನ ಕಡೆ ತಿರುಗಿಕೊಂಡಳು. ಟೂನಾ ಮೀನು, ಈರುಳ್ಳಿ, ಸಪ್ಪೆಯೋ ಸಪ್ಪೆ. ಆದರೂ ಕೂತು ತಿಂದೆ. ಆಮೇಲೆ ಪರ್ಸಿನಲ್ಲಿ ಚಟ್ನಿಪುಡಿಯ ಪುಟ್ಟ ಡಬ್ಬಿ ಇಟ್ಟುಕೊಳ್ಳಲು ಶುರುಮಾಡಿದೆ. ನಾನು ಉದುರಿಸಿಕೊಳ್ಳುವುದನ್ನು ನೋಡಿ ಅಜ್ಜಿ ಅದಕ್ಕೆ 'ಕೆಂಪು ಧೂಳು' ಎಂದು ಹೆಸರಿಟ್ಟಳು. ಬೇಸಿಗೆಯಲ್ಲಿ ಕ್ರಾಪಿಗಳು ಆಳಕ್ಕೆ ಇಳಿದುಹೋದಾಗಲೂ ನಾವು ಬ್ಯಾಸ್ ನೆಪದಲ್ಲಿ ಹೋಗುತ್ತಿದ್ದೆವು. ಅಕ್ಟೋಬರ್‌ವರೆಗೂ ನಡೆಯಿತು. ನಾನು ಕೇಳುತ್ತಿದ್ದೆ, ಅವಳು ಅರ್ಧ ಕೊಡುತ್ತಿದ್ದಳು. ಅಮೆರಿಕನ್ನರಲ್ಲೂ ಹಂಚಿಕೊಂಡು ತಿನ್ನುವವರಿದ್ದಾರೆ, ಪರವಾಗಿಲ್ಲ ಎಂದುಕೊಂಡೆ. ಫೋನ್ ನಂಬರ್ ಮಾತ್ರ ಕೇಳಲಿಲ್ಲ. ಕೆರೆಯೇ ಇರುವಾಗ ಫೋನ್ ಯಾಕೆ?

ಆ ಚಳಿಗಾಲ ಬಹಳ ಕೆಟ್ಟದಾಗಿತ್ತು. ಹಿಮ ಬಿದ್ದು ದಿನಗಟ್ಟಲೆ ಬಾಗಿಲು ತೆಗೆಯದೆ ಕೂತಿದ್ದೇನೆ. ಟಿವಿ ಹಾಕಿದರೆ ಗಲಾಟೆ, ಆರಿಸಿದರೆ ಹೀಟರಿನ ಸದ್ದು. ವಸಂತ ಬರಲಿ, ಡಾಕ್‌ಗೆ ಹೋಗೋಣ ಅನ್ನುವುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು. ಮೀನಿಗಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಹೋದರೆ ಅಜ್ಜಿ ಇಲ್ಲ. ಚಳಿಯಿದೆಯಲ್ಲ, ಬಿಸಿಲು ಬಿದ್ದರೆ ಬರುತ್ತಾಳೆ ಎಂದುಕೊಂಡೆ. ಬಿಸಿಲೂ ಬಿತ್ತು. ಕ್ರಾಪಿಗಳು ಒಂದರ ಹಿಂದೆ ಒಂದು ಸಿಕ್ಕವು. ಅವತ್ತು ಏನನ್ನಿಸಿತೋ, ಬಿಡಲಿಲ್ಲ, ಮನೆಗೆ ತಂದೆ. ನಾಳೆಯಾದರೂ ಬರುತ್ತಾಳೆ, ಈ ಸಲ ಅವಳಿಗೆ ನಾನು ತಿನ್ನಿಸುತ್ತೇನೆ ಎಂದು ಮಾರನೆಯ ಬೆಳಗ್ಗೆ ಎದ್ದು ಹುಣಸೆಹಣ್ಣು ನೆನೆಸಿ, ಖಾರ ರುಬ್ಬಿ, ಮೀನುಸಾರು ಮಾಡಿದೆ. ಯಜಮಾನರು ಹೋದ ಮೇಲೆ ಮೊದಲ ಸಲ ಮನೆಯ ಸ್ಮೋಕ್ ಅಲಾರಂ ಹೊಡೆದುಕೊಂಡಿತು. "ಬಡ್ಕೋ, ಬಡ್ಕೋ" ಎಂದು ನಗುತ್ತಾ ಟವೆಲ್ ಬೀಸಿದೆ. ಅನ್ನ, ಸಾರು ಡಬ್ಬಿಗೆ ಹಾಕಿಕೊಂಡು ಹೋದೆ. ಇಬ್ಬರಿಗೆ ಆಗುವಷ್ಟು.

ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತೆ. ಕೊನೆಗೆ ಪಾರ್ಕಿಂಗ್ ಕಡೆಯಿಂದ ಒಬ್ಬಳು ಬಂದಳು. ಐವತ್ತರ ಹತ್ತಿರದ ಹೆಂಗಸು, ಆಫೀಸ್ ಬಟ್ಟೆ, ಕೈಯಲ್ಲಿ ಕಂದು ಬಣ್ಣದ ಕಾಗದದ ಚೀಲ.

"ಆರ್ ಯು ದ ಲಂಚ್ ಲೇಡಿ?" ಎಂದಳು.

ಕನ್ನಡದ ಕಿವಿಗೆ ಅದು ಲಂಚ ತಿನ್ನುವವಳು ಎಂದೇ ಕೇಳಿಸಿ ನಾನು ಮುಖ ಗಂಟು ಹಾಕಿದೆ. ಅವಳು ಬಕೆಟ್ ಅಜ್ಜಿಯ ಮಗಳಂತೆ. ಅಜ್ಜಿ ಚಳಿಗಾಲದಲ್ಲಿ ಮನೆ ಮುಂದಿನ ಐಸ್ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಆಪರೇಶನ್ ಆಗಿ ಈಗ ಪಿಸ್ಕಾಟವೇಯಲ್ಲಿ, ಮತ್ತೆ ನಡೆಯಲು ಅಭ್ಯಾಸ ಮಾಡಿಸುವ ಒಂದು ರಿಹ್ಯಾಬ್‌ನಲ್ಲಿದ್ದಾಳೆ. ಇಷ್ಟು ಹೇಳಿ ಆ ಮಗಳು ಮುಂದುವರಿಸಿದಳು. ಬಿಸಿಲು ಬಂದಾಗಿನಿಂದ ಅಮ್ಮನದು ಒಂದೇ ರಗಳೆ. ಡಾಕ್‌ನಲ್ಲಿ ಒಬ್ಬಳು ಇಂಡಿಯನ್ ಹೆಂಗಸು ಇರುತ್ತಾಳೆ, ಮನೆಯಲ್ಲಿ ಅವಳಿಗೆ ಯಾರೂ ಇಲ್ಲ, ಹಸಿದಿರುತ್ತಾಳೆ, ಬಾಯಿಬಿಟ್ಟು ಕೇಳಲು ನಾಚಿಕೆ. ಅದಕ್ಕೇ ದಿನಾ ನಿನ್ನ ಊಟ ಆಯ್ತಾ ಎಂದು ನನ್ನನ್ನು ಕೇಳುತ್ತಾಳೆ. ಹೋಗಿ ಒಂದು ಸ್ಯಾಂಡ್‌ವಿಚ್ ಕೊಟ್ಟು ಬಾ ಅನ್ನುತ್ತಿದ್ದಾಳೆ ಅಮ್ಮ. ಅದಕ್ಕೆ ಬಂದೆ, ಲಂಚ್ ಬ್ರೇಕ್ ಮುಗಿಯುತ್ತಿದೆ ಎಂದು ಚೀಲವನ್ನು ನನ್ನ ಕೈಗಿಟ್ಟು, ರಿಹ್ಯಾಬ್‌ನ ಹೆಸರು ಹೇಳಿ, ಹೊರಟೇಹೋದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಏನು, ನಾನು ಭಿಕ್ಷೆ ಬೇಡುತ್ತಿದ್ದೆನೇ? ಒಂದಿಡೀ ಸೀಸನ್ ಪಾಪದವಳು ಎಂದು ಅರ್ಧ ಸ್ಯಾಂಡ್‌ವಿಚ್ ಹಾಕಿದ್ದಳೇ? ಪಕ್ಕದಲ್ಲಿ ಇಬ್ಬರಿಗಾಗುವಷ್ಟು ಮೀನುಸಾರು ಇಟ್ಟುಕೊಂಡು ಕೂತ ನನ್ನ ಕೈಗೆ ಹಸಿದವಳ ಚೀಲ! "ಇವಳ ಸ್ಯಾಂಡ್‌ವಿಚ್ಚಿಗಿಷ್ಟು ಬೆಂಕಿ ಹಾಕ" ಎಂದು ಗಟ್ಟಿಯಾಗಿಯೇ ಬೈದೆ. ಕನ್ನಡದಲ್ಲಿ ಬೈದರೆ ಇಲ್ಲಿ ಕೇಳುವವರು ಯಾರು, ಬಾತುಕೋಳಿಗಳಷ್ಟೆ. ಕೋಲು, ಡಬ್ಬಿ, ಚೀಲ ಎಲ್ಲ ಹಿಂದಿನ ಸೀಟಿಗೆ ಎಸೆದು ಮನೆಗೆ ಬಂದೆ. ಇನ್ನು ಆ ಕೆರೆಯ ಕಡೆ ತಲೆ ಹಾಕಿಯೂ ಮಲಗಬಾರದು ಎಂದು ತೀರ್ಮಾನಿಸಿದೆ.

ಅವತ್ತು ಭಾನುವಾರವಲ್ಲದಿದ್ದರೂ ಸಂಜೆ ಮಗಳು ಫೋನ್ ಮಾಡಿದಳು. ಟ್ಯಾಕ್ಸ್ ವಿಷಯ ಏನೋ ಕೇಳಬೇಕಿತ್ತಂತೆ. ಎಲ್ಲ ಮಾತಾಡಿ "ಯು ಗುಡ್, ಮಾಮ್?" ಎಂದಳು. "ಗುಡ್, ಗುಡ್" ಎಂದೆ. ಫೋನ್ ಇಟ್ಟಮೇಲೆ ತಲೆ ಸುತ್ತಿದ ಹಾಗಾಯಿತು. ಆಗ ನೆನಪಾಯಿತು, ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಿಂದಿನ ದಿನ ಏನು ತಿಂದಿದ್ದೆ ಎಂದು ಯೋಚಿಸಿದರೆ ಅದೂ ಹೊಳೆಯಲಿಲ್ಲ.

ಕಾಗದದ ಚೀಲ ಬಿಚ್ಚಿದೆ. ಅರ್ಧವಲ್ಲ, ಇಡೀ ಸ್ಯಾಂಡ್‌ವಿಚ್. ಜೊತೆಗೆ ಪಿಟ್ಸಾ ಅಂಗಡಿಯಲ್ಲಿ ಕೊಡುತ್ತಾರಲ್ಲ, ಒಣಮೆಣಸಿನಕಾಯಿ ತರಿಯ ಪುಟ್ಟ ಪೊಟ್ಟಣಗಳು, ಒಂದು ಹಿಡಿ. ಕೆಂಪು ಧೂಳು ಸಿಗದೆ ಇದನ್ನು ಹಾಕಿಸಿದ್ದಾಳೆ ಮುದುಕಿ. ಸೊಂಟ ಮುರಿದುಕೊಂಡು ಮಲಗಿರುವವಳು ನನ್ನ ಖಾರದ ಯೋಚನೆ ಮಾಡಿದ್ದಾಳೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸಿಂಕಿನ ಮುಂದೆ ನಿಲ್ಲದೆ, ನಾಲ್ಕು ಕುರ್ಚಿಯ ಊಟದ ಮೇಜಿನಲ್ಲಿ ಕೂತು, ತಟ್ಟೆಗೆ ಹಾಕಿಕೊಂಡು ತಿಂದೆ. ಗೊಳೋ ಎಂದು ಅಳುತ್ತಲೇ ತಿಂದೆ. ಅವಳು ತಪ್ಪು ತಿಳಿದುಕೊಂಡಿದ್ದಾಳೆ ಎಂದು ಮಧ್ಯಾಹ್ನವೆಲ್ಲ ಹಾರಾಡಿದ್ದೆನಲ್ಲ, ತಪ್ಪೇನಿತ್ತು ಅದರಲ್ಲಿ?

ಮಾರನೆಯ ದಿನ ಸಾರು ಬಿಸಿ ಮಾಡಿ, ಮೀನಿನ ಮುಳ್ಳನ್ನೆಲ್ಲ ಬಿಡಿಸಿ ತೆಗೆದು, ಬಿಸಿ ಅನ್ನ ಕಟ್ಟಿಕೊಂಡು ಪಿಸ್ಕಾಟವೇಗೆ ಹೋದೆ. ರಿಹ್ಯಾಬ್‌ನ ಕಾರಿಡಾರಿನಲ್ಲಿ ಬರೀ ಫಿನಾಯಿಲ್ ವಾಸನೆ. ಅಜ್ಜಿ ಕಿಟಕಿಯ ಬಳಿ ವ್ಹೀಲ್‌ಚೇರಿನಲ್ಲಿದ್ದಳು. ಅರ್ಧಕ್ಕೆ ಇಳಿದುಹೋಗಿದ್ದಳು, ಕೆರೆಯ ಟೋಪಿಯಿಲ್ಲದ ಅವಳ ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಮುಂದೆ ಊಟದ ಟ್ರೇ ಹಾಗೇ ಇತ್ತು, ಮುಟ್ಟಿರಲಿಲ್ಲ. ಸೊಂಟ ಹೇಗಿದೆ ಎಂದು ಕೇಳಬೇಕು, ನೀನು ನನ್ನನ್ನು ಏನೆಂದುಕೊಂಡೆ ಎಂದು ಜಗಳವನ್ನೂ ಒಂದಿಷ್ಟು ಆಡಬೇಕು ಎಂದು ದಾರಿಯಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆಗೆಯುವ ಮುಂಚೆ ಅವಳೇ ಕೇಳಿದಳು, ಥೇಟ್ ನನ್ನದೇ ರಾಗದಲ್ಲಿ.

"ಹ್ಯಾಡ್ ಯುವರ್ ಲಂಚ್?"

ಆಯ್ತು ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಹುಟ್ಟಿದಾಗಿನಿಂದ ಹೇಳುತ್ತಾ ಬಂದ ಉತ್ತರ.

"ಇಲ್ಲ" ಎಂದೆ. "ಇನ್ನೂ ಆಗಿಲ್ಲ ಕಣಜ್ಜಿ."

ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಅಜ್ಜಿ ಅರ್ಥ ಕೇಳಲಿಲ್ಲ. ಟ್ರೇಯಲ್ಲಿದ್ದದ್ದನ್ನು ಒಂದು ಪಕ್ಕಕ್ಕೆ ಸರಿಸಿ, ನನ್ನ ಡಬ್ಬಿಗೆ ಜಾಗ ಮಾಡಿ, ಎದುರಿನ ಕುರ್ಚಿ ತೋರಿಸಿದಳು.