ಒಂದೇ ಬದಿಯ ಬಳ್ಳಿ

ಮೊನ್ನೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಮುದ್ರೆ ಒತ್ತಲು ಗುಮಾಸ್ತರು ಅರಗು ಕರಗಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹೊನ್ನಾಳಿಯಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿದ್ದ ಆಚಾರ್ರ ಜಗಲಿ ಕಣ್ಣಮುಂದೆ ಬಂತು. ವೀಣೆ, ತಂಬೂರಿ, ಹಾರ್ಮೋನಿಯಂ ಏನೇ ಕೆಟ್ಟರೂ ಚನ್ನಗಿರಿ, ಜಗಳೂರುಗಳಿಂದಲೂ ಅವರ ಹತ್ತಿರಕ್ಕೇ ಬರುತ್ತಿದ್ದವು. ಬೇರೆ ಮರಗೆಲಸವನ್ನು ಅವರು ಮುಟ್ಟುತ್ತಿರಲಿಲ್ಲ. ಬಹಳ ಎತ್ತರದ ಆಳು ಎಂದು ನನ್ನ ನೆನಪು... ನಾನು ನೆಲದ ಮೇಲೆ ಕೂತು ನೋಡುತ್ತಿದ್ದುದರಿಂದ ಹಾಗೆ ಕಂಡಿರಲೂಬಹುದು.

ಅದು ಎರಡನೇ ಮಹಾಯುದ್ಧ ಶುರುವಾದ ವರ್ಷ. ನನಗೆ ಹದಿನೇಳು. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡು ಚಿಕ್ಕಪ್ಪನ ಮನೆಯಲ್ಲಿದ್ದೆ. ಮೈಸೂರಿಗೆ ಹೋಗಿ ಓದುತ್ತೇನೆ ಎಂದು ಹಟ ಹಿಡಿದ ದಿನ ಅವನು ಎದ್ದು ಬಂದು, ಚಾಪೆಯ ಮೇಲಿದ್ದ ಅಮ್ಮನ ವೀಣೆಯನ್ನು ಮೆಟ್ಟು ಹಾಕಿದ ಕಾಲಿನಿಂದಲೇ ಒದ್ದ. ನಾದ ಹೊಮ್ಮುವ ಕೊಡದ ಮೇಲಿನ ಹಲಗೆ ಸೀಳಿಹೋಯಿತು. ನನ್ನನ್ನು ಒದ್ದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆ.

ಕೆಲವೇ ದಿನಗಳಲ್ಲಿ ಜಗಳೂರಿನ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗಿ ವೀಣೆ ನುಡಿಸುವುದನ್ನು ಕೇಳಬೇಕು ಎಂದು ಅವರು ಹೇಳಿ ಕಳಿಸಿದರು. ಆಗ ಚಿಕ್ಕಪ್ಪನೇ ವೀಣೆ ಹೊರಿಸಿಕೊಂಡು, ನನ್ನನ್ನೂ ಕರೆದುಕೊಂಡು ಆಚಾರ್ರ ಹತ್ತಿರ ಹೋದ.

"ಜಾರಿ ಬಿತ್ತು ಆಚಾರ್ರೆ. ಒಡೆದಿದ್ದು ಯಾರಿಗೂ ಕಾಣಬಾರ್ದು ನೋಡ್ರಿ," ಎಂದ.

ಆಚಾರ್ರು ಸೀಳಿನ ಗುಂಟ ಹೆಬ್ಬೆರಳು ಎಳೆದರು. "ಬಿದ್ದಿದ್ರೆ ಅಂಚು ಒಡೀತಿತ್ತು ಸಾಹುಕಾರ್ರೆ. ಇದು ನಡುವಿಗೇ ಪೆಟ್ಟು. ಮನ್ಯಾಗೆ ಕತ್ತೆ ಗಿತ್ತೆ ಸಾಕೀರೇನು?"

ನಾನು ನಕ್ಕುಬಿಟ್ಟೆ. ಚಿಕ್ಕಪ್ಪ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದ.

"ಹೆಚ್ಚಿಗೆ ಮಾತು ಬ್ಯಾಡ. ಮಾಡಾಕೆ ಆಗ್ತೈತೋ ಇಲ್ವೋ, ಅಷ್ಟು ಹೇಳು."

ಸೀಳಿಗೆ ಅರಗು ತುಂಬಿ, ಅದರ ಮೇಲೆ ಜಿಂಕೆ ಕೊಂಬಿನ ಚೂರುಗಳಿಂದ ಹೂಬಳ್ಳಿ ಕೂರಿಸುವುದು ಅವರ ಪದ್ಧತಿ. ಸೀಳು ಹೇಗೆ ಓಡಿದೆಯೋ ಬಳ್ಳಿಯೂ ಹಾಗೇ ಬಳುಕಬೇಕು. ಸೀಳು ಕವಲೊಡೆದಲ್ಲಿ ಎಲೆ, ಮರ ಎದ್ದುಹೋದಲ್ಲಿ ಹೂ. ಆದರೆ ನಿಜವಾದ ಗುಟ್ಟು ಅದಲ್ಲ. ಕೆಲಸ ಎಲ್ಲಿಗೆ ಬಂತೆಂದು ನೋಡಲು ನಾನೊಬ್ಬಳೇ ಹೋಗಿದ್ದಾಗ ಅವರೇ ಹೇಳಿದರು.

"ಇಂಥದ್ದೇ ಬಳ್ಳಿ ಆ ಮಗ್ಗುಲಿಗೂ ಹಾಕ್ಬೇಕು ತಾಯಿ. ಒಂದೇ ಕಡೆ ಇದ್ರೆ ಇಲ್ಲಿ ಒಡೆದೈತೆ ಅಂತಾರೆ. ಎರಡೂ ಕಡೆ ಇದ್ರೆ ಸಿಂಗಾರ ಅಂತಾರೆ."

"ಆ ಕಡೆ ಹಾಕ್ಬ್ಯಾಡ್ರಿ," ಎಂದೆ.

ಅವರು ಉಳಿ ಕೆಳಗಿಟ್ಟರು. "ಅರ್ಧ ಕೆಲ್ಸ ಅಂತ ಜನ ನನ್ನ ಮಕಕ್ಕೆ ಉಗೀತಾರವ್ವಾ."

"ಉಗಿಯೋದು ನಿಮಗಲ್ಲ ಬಿಡ್ರಿ."

ಬಹಳ ವರ್ಷ ನಾನು ಇದನ್ನು ಬೇರೆ ರೀತಿಯಲ್ಲಿ ಹೇಳಿಕೊಂಡು ಬಂದೆ. ಅವರೇ ಕನಿಕರಪಟ್ಟು ಆ ಉಪಾಯ ಸೂಚಿಸಿದರು ಎಂದು. ಆದರೆ ಆ ದಿನದ ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿ 'ಕಡೆಗೂ ಒಪ್ಪಿದರು' ಎಂದಿದೆ.

ಚಿಕ್ಕಪ್ಪ ವೀಣೆ ನೋಡಿ ಚೆನ್ನಾಗಿದೆ ಎಂದ. ಅವನಿಗೆ ಅಂಥ ಕಣ್ಣಿರಲಿಲ್ಲ. ಹೆಣ್ಣು ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆಗೆ ಇತ್ತು. ನಾನು ಒಂದು ಕೃತಿ ನುಡಿಸಿ ಮುಗಿಸಿದ ಮೇಲೆ ಆಕೆ ಮುಂದಕ್ಕೆ ಬಾಗಿದರು.

"ಬಳ್ಳಿ ಒಂದೇ ಮಗ್ಗುಲಿಗೈತಲ್ಲ ಮಗಾ, ಆ ಕಡೆ ಯಾಕಿಲ್ಲ?"

"ಆ ಕಡೆ ಚಿಕ್ಕಪ್ಪ ಒದ್ದಿರ್ಲಿಲ್ರೀ."

ಯಾರೋ ತಿಂಡಿಯ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು... ಚಿಕ್ಕಪ್ಪನ ಮುಖವನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಈ ಒಂದು ನೆನಪನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಅನುಮಾನಿಸಲು ಇಷ್ಟವೂ ಇಲ್ಲ.

ಬಂದವರು ಎದ್ದು ಹೋದರು. ಸುದ್ದಿ ಹರಡಿ ಬೇರೆ ಸಂಬಂಧಗಳೂ ಬರಲಿಲ್ಲ. ಪೀಡೆ ತೊಲಗಲಿ ಎಂದು ಮರುವರ್ಷ ಚಿಕ್ಕಪ್ಪನೇ ನನ್ನನ್ನು ಮೈಸೂರಿಗೆ ಕಳಿಸಿದ. ನಾನು ಗೆದ್ದೆ. ನನ್ನ ಮೇಲೆ ತೀರದ ಸಿಟ್ಟನ್ನು ಅವನು ಆಚಾರ್ರ ಮೇಲೆ ತೀರಿಸಿಕೊಂಡ. ಅರ್ಧ ಕೆಲಸ ಮಾಡಿ ಮನೆಯ ಮರ್ಯಾದೆ ತೆಗೆದ ಎಂದು ಮದುವೆಮನೆಗಳಲ್ಲಿ, ಸಂತೆಗಳಲ್ಲಿ ಹೇಳುತ್ತ ತಿರುಗಿದ. ಆ ಜಗಲಿಗೆ ವಾದ್ಯಗಳು ಬರುವುದು ನಿಂತಿತು.

ಬಿ.ಎ. ಮುಗಿಸಿ ಬಂದಾಗ ಅವರು ನ್ಯಾಮತಿಯಲ್ಲಿದ್ದಾರೆಂದು ತಿಳಿದು ಹೋದೆ. ಅಂಗಳದಲ್ಲಿ ಎತ್ತಿನ ನೊಗ ಕೆತ್ತುತ್ತಿದ್ದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಆ ಮಗ್ಗುಲು ಹಂಗೇ ಐತಾ ತಾಯಿ? ತಂದುಕೊಡ್ರಿ. ಮುಗಿಸಿಕೊಡ್ತೀನಿ."

ಚಿಕ್ಕಪ್ಪ ಇನ್ನೂ ಬದುಕಿದ್ದ. ಅವನು ಬದುಕಿರುವ ತನಕ ಅವನು ಮಾಡಿದ್ದು ನಾಲ್ಕು ಜನಕ್ಕೆ ಕಾಣುತ್ತಲೇ ಇರಬೇಕು ಎಂಬುದು ನನ್ನ ಹಟ. "ಇನ್ನೊಂದ್ಸಲ ತರ್ತೀನ್ರಿ," ಎಂದೆ. ತರಲಿಲ್ಲ.

ಈಗ ಇಬ್ಬರೂ ಇಲ್ಲ. ಆಚಾರ್ರೇ ಮೊದಲು ಹೋದರು... ಯಾವ ವರ್ಷವೆಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ. ಚಿಕ್ಕಪ್ಪನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಈಗ ನನ್ನ ಮನೆಗೆ ಬರುವವರಿಗೆ ಅಂಥವನೊಬ್ಬನಿದ್ದ ಎಂಬುದೇ ಗೊತ್ತಿಲ್ಲ. ಹೋದ ವಾರ ಪಕ್ಕದ ಮನೆಯ ಸೊಸೆ ಬಂದವಳು ವೀಣೆಯ ಮುಂದೆ ತುಂಬ ಹೊತ್ತು ನಿಂತಿದ್ದಳು.

"ಬಳ್ಳೀನ ಎಷ್ಟು ಚೆನ್ನಾಗಿ ಶುರು ಮಾಡಿದ್ದಾನೆ, ಅಲ್ವಾ ಅಜ್ಜಿ? ಪಾಪ, ಮುಗಿಸೋಕೆ ಅವನಿಗೆ ಬರ್ಲಿಲ್ಲ ಅನ್ಸುತ್ತೆ."