ಫೀಬಲ್‌ನೊಳಗಿನ ಬಲ

ಇಂಗ್ಲಿಷಿನ ‘ಫೀಬಲ್’ ಎಂಬ ಪದದ ಬಾಲದಲ್ಲಿ ಕನ್ನಡದ ‘ಬಲ’ ಠೀವಿಯಿಂದ ಕುಳಿತಿದೆ ಎಂಬ ಸಂಗತಿ, ಪುಣೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನ್ನಂಥ ಪಂಡಿತಶಿರೋಮಣಿಯ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಕಂಡುಹಿಡಿದವಳು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯನ್ನೂ ದಾಟದ, ಧಾರವಾಡದ ಕಡೆಯ ನನ್ನ ಅವ್ವ.

ಕಳೆದ ತಿಂಗಳು ಅವಳು ಒಲೆಯ ಮುಂದೆ ತಲೆ ಸುತ್ತಿ ಕುಸಿದಳು. ನಮ್ಮ ಮರಾಠಿ ಡಾಕ್ಟರು ಪರೀಕ್ಷಿಸಿ, “ಆಜೀ ಫಾರ್ ಫೀಬಲ್ ಝಾಲ್ಯಾತ್” ಎಂದರು, ಅಂದರೆ ಅಜ್ಜಿ ತೀರಾ ನಿಶ್ಶಕ್ತರಾಗಿದ್ದಾರೆ ಎಂದು. ಆಮೇಲೆ ನನ್ನೊಬ್ಬನನ್ನೇ ಹೊರಗೆ ಕರೆದು, ಇನ್ನು ಅವರು ನಿಂತು ರೊಟ್ಟಿ ಬಡಿಯುವುದು ಬೇಡವೆಂದು ತಾಕೀತು ಮಾಡಿದರು. ‘ವೀಕ್ನೆಸ್’ ಎಂದಿದ್ದರೆ ನಾನು ಬಚಾವಾಗುತ್ತಿದ್ದೆ. ಆ ಪದ ಈಗ ಜೋಳದಷ್ಟೇ ನಮ್ಮದು. ಆದರೆ ಅರವತ್ತು ವರ್ಷ ಮರಾಠಿಯ ನಡುವೆ ಬಾಳಿದ ಅವ್ವನಿಗೆ ಹಿಂದುಮುಂದಿನ ಮಾತು ತಿಳಿಯಿತು, ನಡುವಿನ ಇಂಗ್ಲಿಷಿನಲ್ಲಿ ಕನ್ನಡ ಕೇಳಿಸಿತು. ದವಾಖಾನೆಯಿಂದ ಮರಳುವಾಗ ರಿಕ್ಷಾದಲ್ಲಿ ನನ್ನ ತೊಡೆ ತಟ್ಟಿ, “ಕೇಳಿದೇನೋ ತಮ್ಮಾ? ಭಾಳ ಬಲ ಬಂದದ ಅಂದ್ರು. ಫೀ ಕೊಟ್ಟದ್ದು ಸಾರ್ಥಕ ಆತು!” ಎಂದಳು.

ನಿಮ್ಮೆದುರು ಮುಚ್ಚುಮರೆಯೇಕೆ? ಆ ಅಪೂರ್ವ ವ್ಯುತ್ಪತ್ತಿಯನ್ನು ತಿದ್ದುವ ಧೈರ್ಯ ನನಗಾಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳದಿಂದಲೇ ನಮ್ಮ ಮನೆಗೆ ಬೆಳಗಾಗುವುದು. ಆ ಕೆಲಸವನ್ನು ಕಸಿದುಕೊಂಡರೆ ಮನೆಯ ಯಜಮಾನಿ ಬರಿಯ ರೋಗಿಯಾಗಿ ಮೂಲೆ ಸೇರಿಯಾಳು ಎಂಬ ಭಯ ನನ್ನನ್ನು ಕಾಡಿತು.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಹಿಟ್ಟು ನಾದಿ ನಿಂತಳು. ಕಾಲುಗಳು ನಡುಗುತ್ತಿದ್ದವು. ಇನ್ನು ಸುಮ್ಮನಿರುವುದು ಪಾಪವೆನಿಸಿತು.

“ಅವ್ವಾ, ಫೀಬಲ್ ಅಂದ್ರ ಬಲ ಅಲ್ಲ. ಮೈಯಾಗ ಶಕ್ತಿ ಇಲ್ಲ ಅಂತ. ನಿಂತು ರೊಟ್ಟಿ ಬಡೀಬಾರದಂತ.”

ಅವ್ವ ಹಿಟ್ಟು ಮೆತ್ತಿದ ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಕುರ್ಚಿಯೊಂದನ್ನು ಎಳೆದುಕೊಂಡು ಕೂತು, “ಹಂಗಾರ ನೀ ಬಡಿ. ನಾ ಹೇಳಿಕೊಡ್ತೀನಿ” ಎಂದಳು.

ಹೀಗೆ ಅರವತ್ತೆರಡನೆಯ ವಯಸ್ಸಿನಲ್ಲಿ ನನಗೆ ಅಕ್ಷರಾಭ್ಯಾಸದಂತೆ ರೊಟ್ಟಿಯಭ್ಯಾಸವಾಯಿತು. ಮೊದಲ ರೊಟ್ಟಿ ಮೂರು ಕಡೆ ಬಿರಿದು, ನಾಲ್ಕನೆಯ ಕಡೆ ಕೈಗಂಟಿಕೊಂಡು ಮೇಲೆದ್ದಿತು. ಮೇಷ್ಟ್ರಾಗಿದ್ದವನು ಸೋಲೊಪ್ಪುವುದುಂಟೇ? “ಹಿಟ್ಟು ಹಳೇದಾಗೇದ ಅವ್ವಾ, ಜಿಗಿ ಇಲ್ಲ” ಎಂದೆ.

ಕುರ್ಚಿಯಿಂದ ತಟ್ಟನೆ ಉತ್ತರ ಬಂತು: “ಏ ತಮ್ಮಾ, ಈ ನೆಪ ಭಾಳ ಫೀಬಲ್ ಆತು!”

ಶಕ್ತಿಯಿಲ್ಲದ ದೇಹಕ್ಕೆ ಹೇಳುವ ಆ ಪದವನ್ನು ಹುರುಳಿಲ್ಲದ ನೆಪಕ್ಕೂ ಹಚ್ಚುತ್ತಾರೆಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಮೂವತ್ತು ವರ್ಷಗಳಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಒಂದು ಪದವನ್ನು ಇಷ್ಟು ಬೇಗ ಕೈವಶ ಮಾಡಿಕೊಂಡದ್ದಿಲ್ಲ. ಇವಳ ಮಗ ನಾನು ಎಂದು ಎದೆಯುಬ್ಬಿಸಿ, ಎರಡನೆಯ ಉಂಡೆಯನ್ನು ಕೈಗೆತ್ತಿಕೊಂಡೆ.