ಮರಳಿ ಬಾರದ ಮಕ್ಕಳು

ಜ್ವರದ ಡಾಕ್ಟರು ಅಂತಲೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ. ಹಗಲೆಲ್ಲ ಮಕ್ಕಳ ಜ್ವರ ನೋಡುವುದು, ಮನೆಗೆ ಬಂದು ಅದನ್ನೇ ಬರೆಯುವುದು. ಬರೆದದ್ದು ವೈದ್ಯರ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು.

"ಕಾಸಿಲ್ಲ, ಓದೋರಿಲ್ಲ. ಯಾವ ಸುಖಕ್ಕೆ ಕಣ್ಣು ಹಾಳು ಮಾಡ್ಕೊಳ್ತೀಯೋ?" ಅಂತ ಅವರ ತಾಯಿ ಕೊನೆತನಕ ಗೊಣಗಿದರು.

ಹೆಂಡತಿ ಗೊಣಗಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳು ಬಟ್ಟೆಗೆ ಇಸ್ತ್ರಿ ಹಾಕುವಾಗ ಅವರು ಪಕ್ಕದಲ್ಲಿ ಕೂತು, ಬರೆದದ್ದನ್ನು ಆಡುಮಾತಿನಲ್ಲಿ ಹೇಳುತ್ತಿದ್ದರು. ಅವಳಿಗೆ ಆಕಳಿಕೆ ಬರುತ್ತಿತ್ತು.

"ನಿಂಗೆ ನಿದ್ದೆ ಬಂತು ಅಂದ್ರೆ ಪೇಪರು ಅಚ್ಚಾದ ಹಾಗೇ ಕಣೆ," ಅನ್ನುತ್ತಿದ್ದರು.

ಬೀರು ತುಂಬ ಪೇಪರುಗಳಾದವು. ಅಂಗಿಗಳು ಬಾಗಿಲ ಹಿಂದಿನ ಮೊಳೆಗೆ ಹೋದವು. ಅಷ್ಟರಲ್ಲೂ ಹೆಸರು ತಂದದ್ದು ಒಂದೇ. ಮಕ್ಕಳಿಗೆ ಬರುವ ಒಂದು ಅಂಟುಜ್ವರಕ್ಕೆ ಎರಡು ವಾರ ಔಷಧಿ ಬೇಡ, ಒಂದು ವಾರ ಸಾಕು ಅಂತ ಬರೆದದ್ದು. ಎಲ್ಲೆಲ್ಲಿಯದೋ ಡಾಕ್ಟರುಗಳು ಅದನ್ನು ಓದಿ ಔಷಧಿ ಕಡಿಮೆ ಮಾಡಿದರು.

ಎಷ್ಟೋ ವರ್ಷವಾದ ಮೇಲೆ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಅವರ ಗುರುತು ಹಿಡಿದಳು. ಅವಳ ಮಗಳಿಗೂ ವಾರ್ಡಿನಲ್ಲಿ ಒಂದೇ ವಾರ ಔಷಧಿ ಕೊಟ್ಟಿದ್ದರು.

"ಮಗಳು ಹೇಗಿದ್ದಾಳಮ್ಮ?"

"ಮನೆಗೆ ಹೋದ್ಮೇಲೆ ಮತ್ತೆ ಜ್ವರ ಬಂತು ಸಾರ್. ನಿಮ್ಮಲ್ಲಿಗೆ ದೂರ ಅಂತ ಹತ್ತಿರದಲ್ಲೇ ತೋರಿಸಿದ್ವಿ. ಕಿವಿ ಹೋಯ್ತು."

ಅವತ್ತು ಅವರು ಊಟ ಮಾಡಲಿಲ್ಲ.

"ತಪಾಸಣೆಗೆ ವಾಪಸ್ ಬರದ ಮಕ್ಕಳನ್ನೆಲ್ಲ ಗುಣವಾದವರ ಲೆಕ್ಕಕ್ಕೆ ಹಾಕಿಬಿಟ್ಟೆ ಕಣೆ. ಚೆನ್ನಾಗಿದ್ದಾರೆ, ಅದಕ್ಕೇ ಬಂದಿಲ್ಲ ಅಂದ್ಕೊಂಡೆ."

ಆಮೇಲೆ ಆ ಮಕ್ಕಳ ಮನೆ ಹುಡುಕುತ್ತ ಅಲೆದರು. ಮಂಡಿ ನೋವು, ಕೈಯಲ್ಲಿ ಕೊಡೆಯೇ ಊರುಗೋಲು. ಎಷ್ಟೋ ಮನೆ ಸಿಗಲಿಲ್ಲ. ಸಿಕ್ಕ ಮನೆಗಳಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಜ್ವರ ಮರುಕಳಿಸಿತ್ತು. ತಮ್ಮ ಪೇಪರು ತಪ್ಪು ಅಂತ ತಾವೇ ತಿದ್ದುಪಡಿ ಬರೆದರು. ಪತ್ರಿಕೆಗೆ ಕಳಿಸುವ ಮೊದಲೇ ಹಾಸಿಗೆ ಹಿಡಿದರು. ಆ ಹಳೆಯ ಪೇಪರಿನಲ್ಲಿ, ಜೊತೆಗೆ ಕೆಲಸ ಮಾಡಿದ ಒಬ್ಬ ಶಿಷ್ಯನ ಹೆಸರೂ ಇತ್ತು. ಅವನನ್ನು ಕರೆಸಿ, ಹೆಂಡತಿಯ ಎದುರೇ, ಇದನ್ನು ಕಳಿಸುತ್ತೇನೆ ಅಂತ ಮಾತು ತೆಗೆದುಕೊಂಡರು. ಆಮೇಲೆ ಹೋಗಿಬಿಟ್ಟರು.

ಶಿಷ್ಯ ಕಳಿಸಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಅಮ್ಮಾ, ವಾರ್ಡಿಗೆ ಸರ್ ಹೆಸರು ಇಡ್ತಿದ್ದಾರೆ. ಬೋರ್ಡು ಬರೆಸಿ ಆಗಿದೆ. ಆ ಪೇಪರಿಗೂ ಕಟ್ಟು ಹಾಕಿಸಿ ಗೋಡೆಗೆ ಹಾಕ್ತಾರಂತೆ. ಈಗ ತಿದ್ದುಪಡಿ ಕಳಿಸಿದ್ರೆ ಎಲ್ಲಾ ನೀರುಪಾಲು. ಮಾತು ಕೊಟ್ಟಿದ್ದೀನಿ, ನಿಜ. ನೀವು ಬಿಡು ಅಂದ್ರೆ ಬಿಡ್ತೀನಿ."

ಅವಳಿಗೆ ಎಲ್ಲವೂ ಸಾಕಾಗಿತ್ತು. ಬಿಡು ಅನ್ನುವುದು ಸುಲಭ. ಬೋರ್ಡಿನ ಮೇಲೆ ಹೆಸರು ನೋಡುವ ಆಸೆಯೂ ಇತ್ತು. ಅವರು ಸತ್ತ ಮೇಲೆ ಆ ಹೆಸರನ್ನು ಅವಳ ಮುಂದೆ ಯಾರೂ ಎತ್ತುತ್ತಿರಲಿಲ್ಲ, ಅತ್ತುಬಿಡುತ್ತಾಳೆ ಅಂತ.

"ಆ ಒಂದು ವಾರದ ಔಷಧಿ ಈಗಲೂ ಕೊಡ್ತಾರೇನಪ್ಪ?"

"ನಮ್ಮಲ್ಲಿ ನಿಲ್ಲಿಸಿದ್ದೀವಿ."

"ನಿಮ್ಮಲ್ಲಿ ಕೇಳಿಲ್ಲ."

ಅವನು ನೆಲ ನೋಡಿದ. "ಕೊಡ್ತಾರೆ ಅಮ್ಮ. ಪೇಪರು ಓದಿದೋರು ಕೊಡ್ತಾರೆ."

"ಕಳಿಸು."

"ಅಮ್ಮಾ, ಬೋರ್ಡು..."

"ಕೇಳಿಸ್ತು. ಇಲ್ಲೇ ಕೂತು ಕಳಿಸು. ಮನೆಗೆ ಹೋದ್ರೆ ನಿಂಗೆ ಮತ್ತೆ ಕೈ ಬರಲ್ಲ."

ಅವನು ಫೋನು ತೆಗೆದು ಅಲ್ಲೇ ಕಳಿಸಿದ. ಕೊಟ್ಟ ಚಹಾ ಕುಡಿಯದೆ ಎದ್ದುಹೋದ.

ಬೋರ್ಡು ಏರಲಿಲ್ಲ. ತಿದ್ದುಪಡಿ ಅಚ್ಚಾಯಿತು, ಒಂದೇ ಹಾಳೆ. ಅವನೇ ತಂದುಕೊಟ್ಟ. ಅದು ಅಚ್ಚಾದ ಭಾಷೆ ಅವಳಿಗೆ ಬಾರದು, ಗಂಡನ ಹೆಸರಿನ ಆಕಾರ ಮಾತ್ರ ಗೊತ್ತು. ಮೇಲೇ ಇತ್ತು.

"ಏನು ಬರೆದಿದ್ದಾರೆ, ಹೇಳು," ಅಂದಳು.

ಅವನು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಬಿಡಿಸಿ ಹೇಳತೊಡಗಿದ. ಗಂಡ ಹೋದಾಗಿನಿಂದ ಸರಿಯಾಗಿ ನಿದ್ದೆ ಮಾಡದವಳು, ಕೇಳುತ್ತ ಕೇಳುತ್ತ ಕೂತಲ್ಲೇ ಕಣ್ಣು ಮುಚ್ಚಿದಳು.